ಅಟ್ಟದ ಮೇಲಿನ ಗೊಂಬೆಗೆ ಬೆಲೆ ಎಷ್ಟು?



ದಸರಾ ಹತ್ತಿರ ಬಂತೆಂದರೆ ನಮ್ಮ ಮೈಸೂರು, ಮಂಡ್ಯ ಕಡೆ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗೆ ಇಳಿಯುತ್ತದೆ. ಹಳೇ ಸೀರೆಯಲ್ಲಿ ಸುತ್ತಿಟ್ಟ ರಾಜ-ರಾಣಿ, ಶೆಟ್ಟಿ-ಶೆಟ್ಟಮ್ಮ, ಮಣ್ಣಿನ ಆನೆ, ಮೂಗು ಹೋದ ಪಿಂಗಾಣಿ ಗೊಂಬೆ ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತವೆ. ಅದೇ ಹೊತ್ತಿಗೆ ಬೀದಿಯಲ್ಲಿ "ಹಳೇ ಸಾಮಾನಿದ್ರೆ ಕೊಡೀಮ್ಮಾ" ಅಂತ ಕೂಗಿಕೊಂಡು ಬರುವವರೂ ಇರುತ್ತಾರೆ.

ಒಂದು ಸಂಘದ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಹಿ ಹಾಕಿ, ಇನ್ನೇನು ಏಳಬೇಕು ಅನ್ನುವಾಗ ಒಬ್ಬ ಅಕ್ಕ ಈ ವಿಷಯ ತೆಗೆದರು. ಜೂನ್ ತಿಂಗಳಲ್ಲಿ ಮಗಳ ಶಾಲೆಯ ಫೀಸಿಗೆ ದುಡ್ಡು ಸಾಲದೆ ಬಂದಾಗ ತವರಿನಿಂದ ಮದುವೆಗೆ ಕೊಟ್ಟಿದ್ದ ಪಟ್ಟದ ಗೊಂಬೆಯ ಜೋಡಿಯನ್ನು ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಟ್ಟುಬಿಟ್ಟಿದ್ದರು. ಕೈಗೆ ಬಂದದ್ದು 500 ರೂಪಾಯಿ ಮತ್ತು ಎರಡು ಸ್ಟೀಲ್ ಡಬ್ಬಿ. ಅದು ಅವರ ತಾಯಿಗೆ ಅವರ ತಾಯಿ ಕೊಟ್ಟಿದ್ದ ಜೋಡಿಯಂತೆ. "ನಂಗೆ ಮೋಸ ಆಯ್ತಾ?" ಅಂತ ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಹೇಳಲು ಆಗಲಿಲ್ಲ. ಗೊಂಬೆ ಯಾವ ಮರದ್ದು, ಎಷ್ಟು ಎತ್ತರ, ಎಷ್ಟು ತೂಕ, ಬಿರುಕು ಇತ್ತೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಒಂದು ಫೋಟೋ ಕೂಡ ಇಲ್ಲ. ಮೋಸ ಆಗಿದೆಯೋ ಇಲ್ಲವೋ ಅಂತ ಹೇಳುವುದಕ್ಕೂ ಏನಾದರೂ ಕೈಯಲ್ಲಿ ಇರಬೇಕಲ್ಲ!

ಆ ದಿನ ನಡೆದ ಚರ್ಚೆಯಿಂದಲೇ ಈ ಲೇಖನ ಹುಟ್ಟಿದೆ. ಗೊಂಬೆ ಮಾರಬೇಡಿ ಅಂತ ಹೇಳುವುದಕ್ಕೆ ಬರೆದದ್ದಲ್ಲ. ಮಾರುವವರು ತಮ್ಮ ಕೈಯಲ್ಲಿ ಏನಿದೆ ಅಂತ ತಿಳಿದು ಮಾರಲಿ, ಕಷ್ಟ ಬಂದ ದಿನವೇ ಮಾರದಿರಲಿ ಎಂಬುದಷ್ಟೇ ಉದ್ದೇಶ.

ಗೊಂಬೆ ಯಾರದ್ದು?

ಬೆಲೆ ಕೇಳುವುದಕ್ಕೆ ಮೊದಲು ಈ ಪ್ರಶ್ನೆ. ಮದುವೆಯಲ್ಲಿ ತವರಿನವರು ಹೆಣ್ಣುಮಗಳಿಗೆ ಕೊಟ್ಟ ಪಟ್ಟದ ಗೊಂಬೆ, ಒಡವೆ, ಪಾತ್ರೆ ಇವೆಲ್ಲ ಸ್ತ್ರೀಧನ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನದ ಪೂರ್ತಿ ಹಕ್ಕು ಹೆಂಡತಿಯದ್ದೇ, ಅದು ಗಂಡನ ಮನೆಯಲ್ಲಿ ಇದ್ದ ಮಾತ್ರಕ್ಕೆ ಅವರದ್ದಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮಾರಬೇಕೋ ಬೇಡವೋ ಅನ್ನುವ ತೀರ್ಮಾನ ನಿಮ್ಮದು. ಮನೆಯವರ ಜೊತೆ ಮಾತಾಡಿ, ಅದು ಒಳ್ಳೆಯದು. ಆದರೆ ನಿಮ್ಮನ್ನು ಕೇಳದೆ ಬೇರೆಯವರು ಅದನ್ನು ಮಾರುವ ಹಾಗಿಲ್ಲ.

ಇನ್ನೊಂದು ಮಾತು. ನಮ್ಮ ಸದಸ್ಯೆಯರಲ್ಲಿ ಮನೆಗೆಲಸಕ್ಕೆ ಹೋಗುವವರು ಬಹಳ ಮಂದಿ ಇದ್ದಾರೆ. ದೊಡ್ಡ ಮನೆ ಖಾಲಿ ಮಾಡುವಾಗ, ಮಕ್ಕಳು ಹೊರದೇಶಕ್ಕೆ ಹೋದಾಗ, "ಇದು ನೀನೇ ಇಟ್ಕೋಮ್ಮಾ" ಅಂತ ಹಳೇ ಗೊಂಬೆಗಳನ್ನು ಕೊಡುವುದುಂಟು. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ. ಆದರೆ ಎರಡು ವರ್ಷ ಬಿಟ್ಟು ಅದಕ್ಕೆ ಒಳ್ಳೇ ಬೆಲೆ ಬಂತು ಅಂತ ಸುದ್ದಿ ಹಬ್ಬಿದರೆ ಅವರ ಮನೆಯ ಬೇರೆ ಯಾರೋ "ನಮ್ಮ ಅಜ್ಜಿಯ ಗೊಂಬೆ ಕಳುವಾಗಿದೆ" ಅನ್ನಬಹುದು. ಅದಕ್ಕೇ ಕೊಟ್ಟ ದಿನವೇ ಒಂದು ಚೀಟಿಯಲ್ಲಿ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಕೇಳಲು ಸಂಕೋಚವಾದರೆ "ಅಮ್ಮಾ, ನೀವು ಕೊಟ್ಟ ಗೊಂಬೆ ಚೆನ್ನಾಗಿದೆ" ಅಂತ ಗೊಂಬೆಯ ಫೋಟೋ ಜೊತೆ ಅವರಿಗೆ ವಾಟ್ಸಾಪಿನಲ್ಲಿ ಕಳಿಸಿ. ಅವರು ಉತ್ತರ ಕೊಟ್ಟರೆ ಅದೇ ಒಂದು ದಾಖಲೆ. ಆ ಮೆಸೇಜನ್ನು ಅಳಿಸಬೇಡಿ.

ಪಟ್ಟದ ಗೊಂಬೆ ನೋಡುವ ಬಗೆ

ಪಟ್ಟದ ಗೊಂಬೆ ಅಂದರೆ ರಾಜ-ರಾಣಿಯ ಮರದ ಜೋಡಿ. ಹಳೆಯ ಪದ್ಧತಿಯಲ್ಲಿ ರಕ್ತಚಂದನದ ಮರದಲ್ಲಿ ಕೆತ್ತುತ್ತಿದ್ದರು. ತಿರುಪತಿ ಕಡೆಯಿಂದ ಬಂದ ಜೋಡಿಗಳು ನಮ್ಮಲ್ಲಿ ಹೆಚ್ಚು. ರಕ್ತಚಂದನ ಬಹಳ ಭಾರದ ಮರ, ಒಳ್ಳೇ ತಿರುಳಾದರೆ ನೀರಲ್ಲಿ ಮುಳುಗುತ್ತದೆ. ಹಾಗಂತ ಗೊಂಬೆಯನ್ನು ಬಕೆಟ್ಟಿನಲ್ಲಿ ಹಾಕಿ ನೋಡಬೇಡಿ ಮಹಾರಾಯ್ತಿ! ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಅಷ್ಟೇ ಎತ್ತರದ ಬೇರೆ ಮರದ ಗೊಂಬೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೋಲಿಸಿ. ಈಗ ಹಗುರ ಮರಕ್ಕೆ ಕೆಂಪು ಬಣ್ಣ ಹಾಕಿದ ಜೋಡಿಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅವು ಕೆಟ್ಟವು ಅಂತಲ್ಲ, ಆದರೆ ಬೆಲೆ ಬೇರೆ.

ಬುಡವನ್ನು ತಿರುಗಿಸಿ ನೋಡಿ. ಬಣ್ಣ ಬಳಿಯದ ಬುಡದಲ್ಲಿ ಮರದ ನಿಜವಾದ ಬಣ್ಣ ಕಾಣುತ್ತದೆ. ಕೆಲವು ಮನೆಗಳಲ್ಲಿ ಮಕ್ಕಳಿಗೆ ಬಾವು ಬಂದಾಗ ಇದೇ ಗೊಂಬೆಯ ಬುಡವನ್ನು ಕಲ್ಲಿನ ಮೇಲೆ ತೇಯ್ದು ಹಚ್ಚುತ್ತಿದ್ದರು. ಹಾಗೆ ಸವೆದ ಗೊಂಬೆ ಓರೆಯಾಗಿ ನಿಲ್ಲುತ್ತದೆ. ಕೊಳ್ಳುವವರು ಅದನ್ನು ದೋಷ ಅನ್ನಬಹುದು. ನನ್ನ ಅಭಿಪ್ರಾಯದಲ್ಲಿ ಅದು ಆ ಮನೆಯ ಇತಿಹಾಸ. ಮುಚ್ಚಿಡಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಸಣ್ಣ ತೂತುಗಳಿವೆಯೇ ನೋಡಿ. ತೂತಿನ ಕೆಳಗೆ ಹೊಸದಾಗಿ ಮರದ ಹುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ ಅಂತ ಅರ್ಥ. ಅಂಥದ್ದನ್ನು ಉಳಿದ ಗೊಂಬೆಗಳಿಂದ ಬೇರೆ ಇಡಿ.

ಜೋಡಿಯನ್ನು ಮಾತ್ರ ಎಂದಿಗೂ ಮುರಿಯಬೇಡಿ. "ರಾಣಿ ಮಾತ್ರ ಕೊಡಿ, ರಾಜನ ಕೈ ಮುರಿದಿದೆ" ಅಂತ ಕೇಳುವವರಿರುತ್ತಾರೆ. ಒಂಟಿ ಗೊಂಬೆ ಉಳಿದರೆ ಅದನ್ನು ಕೇಳುವವರೇ ಇರುವುದಿಲ್ಲ. ಕೊಟ್ಟರೆ ಎರಡನ್ನೂ ಕೊಡಿ, ಇಲ್ಲವೇ ಎರಡನ್ನೂ ಇಟ್ಟುಕೊಳ್ಳಿ.

ಚನ್ನಪಟ್ಟಣದ ಹಳೇ ಆಟಿಕೆ ಇದ್ದರೆ ಅದರದ್ದು ಬೇರೆ ಲೆಕ್ಕ. ಆಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಬಣ್ಣದ ಅರಗನ್ನು ಒತ್ತಿ ಹಿಡಿದಾಗ ತಿಕ್ಕಾಟದ ಕಾವಿಗೆ ಅದು ಕರಗಿ ಮರಕ್ಕೆ ಹಿಡಿಯುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ 2005-06ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಆದ್ದರಿಂದ ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳೂ ನಮ್ಮ ರಾಜ್ಯದವೇ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಮುಂತಾದವುಗಳ ಲೇಪ ಕೊಟ್ಟು ಬಣ್ಣ ಹಾಕಿರುತ್ತಾರೆ. ನೀರು ತಾಗಿದರೆ ಅವು ಕೆಡುತ್ತವೆ.

ಹೊರದೇಶದ ಗೊಂಬೆಗಳು

ಮೈಸೂರು ಅರಮನೆಯ ಗೊಂಬೆ ತೊಟ್ಟಿಯನ್ನು ನೋಡಿದವರಿಗೆ ಗೊತ್ತಿರಬಹುದು, ಅಲ್ಲಿ 19ನೇ ಶತಮಾನದ ಮತ್ತು 20ನೇ ಶತಮಾನದ ಆರಂಭದ ಗೊಂಬೆಗಳನ್ನು ಇಟ್ಟಿದ್ದಾರೆ. ಆ ಕಾಲದಲ್ಲಿ ಗೊಂಬೆ ತಯಾರಿಕೆಗೆ ಜರ್ಮನಿ ಬಹಳ ಹೆಸರಾಗಿತ್ತು. ಅನುಕೂಲಸ್ಥರ ಕೆಲವು ಮನೆಗಳಿಗೂ ಅಂಥ ಗೊಂಬೆಗಳು ಬಂದಿವೆ. ಹೊಳಪಿಲ್ಲದ ಪಿಂಗಾಣಿಯ ತಲೆ, ಗಾಜಿನ ಕಣ್ಣು, ಮೇಲೆ ಅಂಟಿಸಿದ ಕೂದಲು ಇದ್ದರೆ ಕತ್ತಿನ ಹಿಂದೆ, ಕೂದಲಿನ ಕೆಳಗೆ ನಿಧಾನವಾಗಿ ನೋಡಿ. ಅಲ್ಲಿ ಅಚ್ಚಾದ ಅಕ್ಷರ, ಅಂಕಿ ಇರುತ್ತವೆ. ಅದರ ಬೆಲೆ ತಿಳಿಯುವುದಕ್ಕೆ ಅದೇ ಬೀಗದ ಕೈ. ಆದರೆ ಅಂಕಿಯನ್ನು ವರ್ಷ ಅಂತ ತಿಳಿಯಬೇಡಿ. ಉದಾಹರಣೆಗೆ ಆರ್ಮಾಂಡ್ ಮಾರ್ಸೇ ಎಂಬ ಜರ್ಮನಿಯ ತಯಾರಕರ ಗೊಂಬೆಗಳ ಮೇಲೆ 390 ಅಂತ ಇರುತ್ತದೆ. ಅದು ಅಚ್ಚಿನ ನಂಬರು. ಆ ಅಚ್ಚಿನ ಗೊಂಬೆಗಳು ಲೆಕ್ಕವಿಲ್ಲದಷ್ಟು ತಯಾರಾಗಿದ್ದರಿಂದ ಹಳೆಯದಾದರೂ ಅವುಗಳ ಬೆಲೆ ಸಾಧಾರಣವೇ.

ಇದಕ್ಕೆ ವಿರುದ್ಧವಾದ ಸಂಗತಿಯೂ ಇದೆ. 2014ರಲ್ಲಿ ಲಂಡನ್ನಿನಲ್ಲಿ ಬಾನಮ್ಸ್ ಎಂಬ ಹರಾಜು ಸಂಸ್ಥೆ ಕಾಮರ್ ಅಂಡ್ ರೈನ್‌ಹಾರ್ಟ್ ಎಂಬ ಜರ್ಮನಿಯ ತಯಾರಕರ ಒಂದು ಗೊಂಬೆಯನ್ನು 2,42,500 ಪೌಂಡಿಗೆ ಮಾರಿತು. ಆಗಿನ ಲೆಕ್ಕದಲ್ಲಿ ನಮ್ಮ ಎರಡು ಕೋಟಿ ರೂಪಾಯಿಗೂ ಮೇಲೆ. ಇಂಥ ಸುದ್ದಿ ಕೇಳಿದ ಕೂಡಲೇ ನಮ್ಮ ಅಟ್ಟದ ಗೊಂಬೆಗೂ ಕೋಟಿ ಬರುತ್ತದೆ ಅನ್ನುವ ಆಸೆ ಹುಟ್ಟುವುದು ಸಹಜ. ಆದರೆ ಆ ಗೊಂಬೆಗೆ ಅಷ್ಟು ಬೆಲೆ ಬಂದದ್ದು ಅದು ಹಳೆಯದು ಅಂತಲ್ಲ, ಆ ಅಚ್ಚಿನ ಬೇರೊಂದು ಗೊಂಬೆ ಕಂಡುಬಂದಿರಲಿಲ್ಲ ಅನ್ನುವ ಕಾರಣಕ್ಕೆ. ಅದೇ ತಯಾರಕರ ಸಾಮಾನ್ಯ ಗೊಂಬೆಗಳು ಅದರ ಸಣ್ಣ ಪಾಲಿಗೂ ಹೋಗುವುದಿಲ್ಲ. ಬೇಕು ಅನ್ನುವವರು ಎಷ್ಟು ಜನ, ಇರುವುದು ಎಷ್ಟು, ಈಗ ಯಾವ ಸ್ಥಿತಿಯಲ್ಲಿದೆ ಎನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ. ವಯಸ್ಸು ಆಮೇಲಿನ ಮಾತು. ಪಿಂಗಾಣಿ ತಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆಲೆ ಬಹಳ ಇಳಿಯುತ್ತದೆ. ಕೂದಲಿನ ಟೋಪಿ ತಾನಾಗಿಯೇ ಬಿಟ್ಟುಕೊಂಡಿದ್ದರೆ ಮೊಬೈಲಿನ ಟಾರ್ಚನ್ನು ತಲೆಯ ಒಳಗೆ ಹಿಡಿದು ನೋಡಿ, ಬಿರುಕು ಗೆರೆಯಾಗಿ ಕಾಣುತ್ತದೆ. ಬಿಟ್ಟುಕೊಳ್ಳದಿದ್ದರೆ ಕೀಳಲು ಹೋಗಬೇಡಿ.

ಸೆಲ್ಯುಲಾಯ್ಡ್ ಗೊಂಬೆಗಳ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ತೆಳುವಾಗಿ, ಬಹಳ ಹಗುರವಾಗಿ, ಒಳಗೆ ಟೊಳ್ಳಾಗಿರುವ ಹಳೇ ಗೊಂಬೆಗಳಿವು. ಜಪಾನಿನಿಂದ ಬಹಳಷ್ಟು ಬರುತ್ತಿದ್ದವು. ಬೆರಳಿನಿಂದ ಸ್ವಲ್ಪ ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಯಾಕೆಂದರೆ ಸೆಲ್ಯುಲಾಯ್ಡ್ ಮಾಡುವುದಕ್ಕೆ ಕರ್ಪೂರವನ್ನೇ ಬಳಸುತ್ತಿದ್ದರು. ಕರ್ಪೂರದ ಹಾಗೇ ಇದೂ ಭಗ್ಗನೆ ಹೊತ್ತಿಕೊಳ್ಳುತ್ತದೆ. ಗೊಂಬೆ ಕೂರಿಸಿದಾಗ ಮುಂದೆ ದೀಪ ಹಚ್ಚುತ್ತೇವೆ, ಆರತಿ ಎತ್ತುತ್ತೇವೆ. ಇಂಥ ಗೊಂಬೆ ಇದ್ದರೆ ಅದನ್ನು ದೀಪದಿಂದ ದೂರ, ಮೇಲಿನ ಮೆಟ್ಟಿಲಲ್ಲಿ ಇಡಿ. ಅಡಿಗೆ ಮನೆಯ ಅಟ್ಟದಲ್ಲಂತೂ ಇಡಲೇಬೇಡಿ. ಕೆಲವು ಜಪಾನ್ ಗೊಂಬೆಗಳ ಮೇಲೆ ಇಂಗ್ಲಿಷಿನಲ್ಲಿ ಮೇಡ್ ಇನ್ ಆಕ್ಯುಪೈಡ್ ಜಪಾನ್ ಅಂತ ಅಚ್ಚಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ ಅಮೆರಿಕದವರ ಹಿಡಿತದಲ್ಲಿದ್ದಾಗ, ಹೆಚ್ಚಾಗಿ 1947ರಿಂದ 1952ರವರೆಗೆ, ಈ ಗುರುತು ಹಾಕುತ್ತಿದ್ದರು. ಆ ಮಾತು ಇದ್ದರೆ ಗೊಂಬೆಯ ಕಾಲ ತಾನಾಗಿ ಸಿಕ್ಕಿತು.

ಇನ್ನು ಗಲ್ಫಿನಿಂದ ಅಣ್ಣ ತಂದ ಬಾರ್ಬಿ. ಬಾರ್ಬಿ ಮೊದಲು ಬಂದದ್ದು 1959ರಲ್ಲಿ, ಅಮೆರಿಕದಲ್ಲಿ. ನಿಮ್ಮ ಬಾರ್ಬಿಯ ಬೆನ್ನ ಕೆಳಗೆ 1966 ಅಂತ ಅಚ್ಚಾಗಿದ್ದರೆ "ಅರವತ್ತಾರರ ಗೊಂಬೆ!" ಅಂತ ಹಿಗ್ಗಬೇಡಿ. ಅದು ಆ ದೇಹದ ಅಚ್ಚಿನ ಹಕ್ಕಿನ ವರ್ಷ. 1990ರ ದಶಕದಲ್ಲಿ ತಯಾರಾದ ಗೊಂಬೆಗಳ ಮೇಲೂ ಅದೇ 1966 ಇದೆ. ಜೊತೆಗಿರುವ ದೇಶದ ಹೆಸರನ್ನೂ ಬರೆದಿಟ್ಟುಕೊಳ್ಳಿ. ಮಕ್ಕಳು ಆಡಿದ, ಕೂದಲು ಕತ್ತರಿಸಿದ, ಚಪ್ಪಲಿ ಕಳೆದ ಆ ಕಾಲದ ಬಾರ್ಬಿಗೆ ಹೆಚ್ಚು ಬೆಲೆ ಇಲ್ಲ. ಡಬ್ಬಿಯನ್ನೇ ಒಡೆಯದೆ ಬೀರುವಿನಲ್ಲಿ ಇಟ್ಟಿದ್ದರೆ, ಅದೂ ಸೀರೆ ಉಟ್ಟ ಭಾರತದ ಬಾರ್ಬಿಯಾದರೆ, ಸಂಗ್ರಹ ಮಾಡುವವರು ಕೇಳಿ ಬರುತ್ತಾರೆ. ಹಾಳಾದ್ದು, ಆಡದೆ ಇಟ್ಟ ಗೊಂಬೆಗೇ ಬೆಲೆ!

ತೊಳೆಯಬೇಡಿ, ಬಣ್ಣ ಬಳಿಯಬೇಡಿ

ಮಾರುವ ಮೊದಲು ಚೆಂದ ಮಾಡೋಣ ಅಂತ ನಮಗೆಲ್ಲ ಅನಿಸುತ್ತದೆ. ಪಾತ್ರೆಯಾದರೆ ಸರಿ. ಗೊಂಬೆಗೆ ಮಾತ್ರ ಇದೇ ದೊಡ್ಡ ನಷ್ಟ. ಹುಣಸೆಹಣ್ಣು, ಸೋಪಿನ ಪುಡಿ, ಕೊಬ್ಬರಿ ಎಣ್ಣೆ, ವಾರ್ನಿಷ್ ಯಾವುದೂ ಬೇಡ. ಮಾಸಿದ ಹಳೇ ಬಣ್ಣವೇ ಅದು ಹಳೆಯದು ಅನ್ನುವುದಕ್ಕೆ ಸಾಕ್ಷಿ. ಪೇಂಟ್ ಅಂಗಡಿಯ ಬಣ್ಣ ಬಳಿದ ಮೇಲೆ ತಿಳಿದವರು ಅದನ್ನು ಮುಟ್ಟುವುದೂ ಇಲ್ಲ. ಮೆತ್ತನೆಯ ಒಣ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು. ಮುರಿದ ಕೈಯನ್ನು ಫೆವಿಕ್ವಿಕ್ ಹಾಕಿ ಅಂಟಿಸದೆ ಒಂದು ಕಾಗದದಲ್ಲಿ ಸುತ್ತಿ ಗೊಂಬೆಯ ಜೊತೆಗೇ ಇಡಿ. ಹಳೇ ಬಟ್ಟೆ ಹರಿದಿದೆ ಅಂತ ಬಿಚ್ಚಿ ಹೊಸ ಜರಿ ಬಟ್ಟೆ ಹೊಲಿಯುತ್ತೇವಲ್ಲ, ಹಬ್ಬಕ್ಕೆ ಹೊಲಿಯಿರಿ, ಬೇಡ ಅನ್ನುವುದಿಲ್ಲ. ಬಿಚ್ಚಿದ ಹಳೇ ಬಟ್ಟೆಯನ್ನು ಮಾತ್ರ ಬಿಸಾಡಬೇಡಿ. ಪ್ಲಾಸ್ಟಿಕ್, ಸೆಲ್ಯುಲಾಯ್ಡ್ ಗೊಂಬೆಗಳ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಬೇಡಿ, ಅದರ ಆವಿಗೆ ಅವು ಮೆತ್ತಗಾಗಿ ಕೆಡಬಹುದು.

ಬೆಲೆ ತಿಳಿಯುವುದು ಹೇಗೆ?

ಮೊದಲು ಗೊಂಬೆಗೆ ಒಂದು ಪುಟ ಮಾಡಿ. ನೋಟ್‌ಬುಕ್ಕಿನಲ್ಲಿ ಎತ್ತರ ಎಷ್ಟು ಅಂಗುಲ, ತೂಕ ಎಷ್ಟು (ತಕ್ಕಡಿ ದಿನಸಿ ಅಂಗಡಿಯಲ್ಲೇ ಇದೆ), ಯಾವ ಗುರುತು, ಎಲ್ಲಿ ಮುರಿದಿದೆ, ಯಾರು ಯಾರಿಗೆ ಯಾವ ವರ್ಷದಲ್ಲಿ ಕೊಟ್ಟರು ಅಂತ ಬರೆಯಿರಿ. ವರ್ಷ ನೆನಪಿಲ್ಲದಿದ್ದರೆ ಯಾರ ಮದುವೆ ಅಂತ ಬರೆಯಿರಿ. ಆಮೇಲೆ ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಬುಡ, ಗುರುತು, ಮುರುಕು ಎಲ್ಲದರ ಫೋಟೋ ತೆಗೆಯಿರಿ. ಪಕ್ಕದಲ್ಲಿ ಮಗಳ ಸ್ಕೇಲು ಇಡಿ. ಹಳೇ ಆಲ್ಬಮ್ಮಿನಲ್ಲಿ ಗೊಂಬೆ ಕೂರಿಸಿದ ಫೋಟೋ ಇದ್ದರೆ, ಅದರಲ್ಲಿ ಇದೇ ಗೊಂಬೆ ಕಾಣುತ್ತಿದ್ದರೆ ಅದು ಬಹಳ ದೊಡ್ಡ ಆಧಾರ. ವ್ಯಾಪಾರಿ "ಇದು ಈಚೆಗಿನದ್ದು" ಅಂದಾಗ ಆ ಫೋಟೋ ತೋರಿಸಬಹುದು.

ಎರಡನೆಯದಾಗಿ ಅಂಗಡಿಯಲ್ಲಿ ಅಂಥದ್ದೇ ಹೊಸ ಗೊಂಬೆಗೆ ಎಷ್ಟಿದೆ ಅಂತ ಕೇಳಿ ಬನ್ನಿ. ರಾಜ್ಯ ಸರ್ಕಾರದ ಕರಕುಶಲ ನಿಗಮದ ಕಾವೇರಿ ಮಳಿಗೆಗೆ ಹೋಗಿ ನೋಡಬಹುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಲವು ವರ್ಷಗಳಿಂದ ದಸರಾ ಸಮಯಕ್ಕೆ ಬೊಂಬೆ ಮನೆ ಎಂಬ ಗೊಂಬೆಗಳ ಪ್ರದರ್ಶನ ಮತ್ತು ಮಾರಾಟ ನಡೆಸಿಕೊಂಡು ಬಂದಿದ್ದಾರೆ. ಇಂಥ ಕಡೆ ಹೋಗಿ ಬಂದರೆ ಮರ ಯಾವುದು, ಕೆಲಸ ಎಂಥದ್ದು ಎಂದು ಹೋಲಿಸಿ ನೋಡುವ ಕಣ್ಣು ಬರುತ್ತದೆ. ಒಳ್ಳೇ ಸ್ಥಿತಿಯ ಹಳೇ ರಕ್ತಚಂದನದ ಜೋಡಿಯನ್ನು ಹಗುರ ಮರದ ಹೊಸ ಜೋಡಿಗಿಂತ ಕಡಿಮೆಗೆ ಯಾರಾದರೂ ಕೇಳಿದರೆ ಅದು ಬೆಲೆಯೇ ಅಲ್ಲ.

ಮೂರನೆಯದು ಮೊಬೈಲು. ಇಲ್ಲಿ ಎಲ್ಲರೂ ಎಡವುತ್ತಾರೆ. ಒಎಲ್‌ಎಕ್ಸ್‌ನಂಥ ಕಡೆ ಯಾರೋ ತಮ್ಮ ಗೊಂಬೆಗೆ 50 ಸಾವಿರ ಅಂತ ಹಾಕಿರುತ್ತಾರೆ. ಅದು ಅವರು ಕೇಳಿದ ಬೆಲೆ, ಬಂದ ಬೆಲೆಯಲ್ಲ. ನಾನೂ ನನ್ನ ಹಳೇ ಹೊಲಿಗೆ ಯಂತ್ರಕ್ಕೆ ಲಕ್ಷ ರೂಪಾಯಿ ಅಂತ ಹಾಕಬಹುದು, ಕೊಳ್ಳುವವರು ಬೇಕಲ್ಲ! ಇಬೇ ಎಂಬ ಹೊರದೇಶದ ಜಾಲತಾಣದಲ್ಲಿ ಮಾರಾಟವಾಗಿ ಮುಗಿದ ವಸ್ತುಗಳನ್ನು ಮಾತ್ರ ತೋರಿಸು ಅಂತ ಕೇಳುವ ಸೌಲಭ್ಯವಿದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಹುಡುಕಿ ಕೊಡುತ್ತಾರೆ. ಗುರುತು, ಅಚ್ಚಿನ ನಂಬರು, ಎತ್ತರ ಹೊಂದುವ ನಾಲ್ಕೈದು ಮಾರಾಟ ನೋಡಿ, ತೀರಾ ಹೆಚ್ಚಿನದ್ದನ್ನೂ ತೀರಾ ಕಡಿಮೆಯದ್ದನ್ನೂ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಅದು ಹೊರದೇಶದ ಬೆಲೆ, ಇಲ್ಲಿ ಅಷ್ಟೇ ಸಿಗುತ್ತದೆ ಅಂತಲ್ಲ. ಪಟ್ಟದ ಗೊಂಬೆಗೆ ಈ ದಾರಿಯಿಂದ ಹೆಚ್ಚು ಉಪಯೋಗವಿಲ್ಲ. ಪಿಂಗಾಣಿ ಗೊಂಬೆ, ಬಾರ್ಬಿಗಳಿಗೆ ಉಪಯೋಗವಿದೆ.

ಯಾವಾಗ, ಯಾರಿಗೆ ಮಾರಬೇಕು?

ಕಡೇ ಪಕ್ಷ ಮೂರು ಜನರನ್ನು ಕೇಳಿ. ಹಳೇ ವಸ್ತುಗಳ ಅಂಗಡಿಯವರು, ಪ್ರತಿ ವರ್ಷ ಗೊಂಬೆ ಕೂರಿಸುವ ಮನೆಯವರು, ಸಂಗ್ರಹ ಮಾಡುವವರು. ಅಂಗಡಿಯವರು ತಾವು ಮಾರುವ ಬೆಲೆಗಿಂತ ಸಾಕಷ್ಟು ಕಡಿಮೆಗೆ ಕೇಳುತ್ತಾರೆ, ಅದು ಮೋಸವಲ್ಲ. ಅವರಿಗೆ ಬಾಡಿಗೆಯಿದೆ, ಗೊಂಬೆ ವರ್ಷಗಟ್ಟಲೆ ಕೂರಲೂಬಹುದು. ಗೊಂಬೆ ಕೂರಿಸುವ ಮನೆಯವರಿಗೆ ನೇರವಾಗಿ ಮಾರಿದರೆ ಹೆಚ್ಚು ಸಿಗುತ್ತದೆ. ಆದರೆ ಅವರು ಹುಡುಕುವುದು ನವರಾತ್ರಿಗೆ ಒಂದೆರಡು ತಿಂಗಳ ಮುಂಚೆ. ಜೂನಿನಲ್ಲಿ ಫೀಸಿಗೆ ಅಂತ ಮಾರಿದ ಗೊಂಬೆಯೇ ಆಗಸ್ಟಿನಲ್ಲಿ ಇನ್ನಷ್ಟು ತರುತ್ತಿತ್ತು.

ಇಲ್ಲೇ ನಮ್ಮ ಸಂಘ ಉಪಯೋಗಕ್ಕೆ ಬರುವುದು. ಆ ಅಕ್ಕ ಸಂಘದಲ್ಲಿ 5000 ರೂಪಾಯಿ ಸಾಲ ಕೇಳಿದ್ದರೆ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಅಂತ ಹಿಡಿದರೂ ತಿಂಗಳಿಗೆ 100 ರೂಪಾಯಿ, ಮೂರು ತಿಂಗಳಿಗೆ 300. ಆ 300 ರೂಪಾಯಿಗೆ ಅವರಿಗೆ ಮೂರು ತಿಂಗಳ ಸಮಯ ಸಿಗುತ್ತಿತ್ತು. ಮೂರು ಕಡೆ ವಿಚಾರಿಸಬಹುದಿತ್ತು, ಬೇಡ ಅನ್ನಿಸಿದರೆ ಮಾರದೆಯೂ ಇರಬಹುದಿತ್ತು. "ಈಗಷ್ಟೇ ಒಂದು ಸಾಲ ತೀರಿಸಿದ್ದೆ, ಮತ್ತೆ ಕೇಳೋಕೆ ನಾಚಿಕೆ ಆಯ್ತು" ಅಂದರು. ಸಭೆಯಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ನಾಚಿಕೆ ಪಡುವ ಹಾಗೆ ನಾವು ಯಾವತ್ತಾದರೂ ಮಾತಾಡಿದ್ದೇವೇನೋ ಅಂತ ನಮ್ಮನ್ನೇ ಕೇಳಿಕೊಳ್ಳಬೇಕಾಯಿತು.

ಬಾಗಿಲಿಗೆ ಬಂದವರು "ಈಗಲೇ ಕೊಟ್ಟರೆ ಮಾತ್ರ ಈ ರೇಟು" ಅಂದರೆ "ನಮ್ಮ ಸಂಘದಲ್ಲಿ ಕೇಳಿ ಹೇಳ್ತೀನಿ, ಬರೋ ವಾರ ಬನ್ನಿ" ಅನ್ನಿ. ನಿಜವಾಗಿ ಬೇಕಾದವರು ಬಂದೇ ಬರುತ್ತಾರೆ. ಮಾರಿಸಿಕೊಡುತ್ತೇನೆ ಅಂತ ತೆಗೆದುಕೊಂಡು ಹೋಗುವವರಿಂದ ಗೊಂಬೆಯ ವಿವರ, ಕಡಿಮೆ ಎಂದರೆ ಎಷ್ಟಕ್ಕೆ ಮಾರಬೇಕು, ಅವರ ಕಮಿಷನ್ ಎಷ್ಟು, ಮಾರಾಟವಾಗದಿದ್ದರೆ ಯಾವ ತಾರೀಖಿಗೆ ವಾಪಸು ಅಂತ ಬರೆದ ಚೀಟಿ ಪಡೆಯಿರಿ. ಸಂಘದ ಪ್ರತಿನಿಧಿಯೊಬ್ಬರು ಸಾಕ್ಷಿ ಸಹಿ ಹಾಕಲಿ.

ಕಾನೂನಿನ ಎರಡು ಮಾತು

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ತುಂಬಿದ ಕಲಾಕೃತಿಗಳು ಪುರಾತನ ವಸ್ತುಗಳಾಗುತ್ತವೆ. ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅವುಗಳ ವ್ಯಾಪಾರ ನಡೆಸುವವರಿಗೆ ಲೈಸೆನ್ಸ್ ಇರಬೇಕು. ಮುತ್ತಜ್ಜಿಯ ಕಾಲದ್ದು ಅನ್ನಿಸಿದರೆ ಮಾರುವ ಮೊದಲು ಭಾರತೀಯ ಪುರಾತತ್ವ ಇಲಾಖೆಯವರಿಗೆ ತೋರಿಸಿ ಕೇಳುವುದು ಒಳ್ಳೆಯದು. ರಕ್ತಚಂದನಕ್ಕೆ ವಯಸ್ಸು ಎಷ್ಟೇ ಇರಲಿ, ಹೊರದೇಶಕ್ಕೆ ಸಾಗಿಸಲು ಬಿಗಿಯಾದ ನಿರ್ಬಂಧಗಳಿವೆ. ಅದಕ್ಕೇ ಪಾರ್ಸೆಲ್ ಮಾಡಿ ವಿದೇಶಕ್ಕೆ ಕಳಿಸಿ ಅನ್ನುವವರ ಮಾತು ಕೇಳಬೇಡಿ. ದಂತದ ಗೊಂಬೆ ಮಾರುವುದು ಅಪರಾಧ. ಗುಡಿಯ ಮೂರ್ತಿ, ಮರದ ದೇವರು ಅಂತ ಯಾರಾದರೂ ಅಗ್ಗಕ್ಕೆ ತಂದು ಕೊಟ್ಟರೆ ಕೊಳ್ಳುವುದೂ ಬೇಡ, ಮನೆಯಲ್ಲಿ ಇಟ್ಟುಕೊಳ್ಳುವುದೂ ಬೇಡ.

ಫೋನ್‌ಪೇ, ಗೂಗಲ್‌ಪೇ ಮೂಲಕ ಹಣ ಕೊಡುತ್ತೇವೆ ಅನ್ನುವವರಲ್ಲಿ ಮೋಸಗಾರರೂ ಇದ್ದಾರೆ. "ನಾನು ಕ್ಯೂಆರ್ ಕೋಡ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಅಂತಾರೆ. ನಮಗೆ ಹಣ ಬರುವುದಕ್ಕೆ ಪಿನ್ ಬೇಡವೇ ಬೇಡ. ಪಿನ್ ಒತ್ತಿದರೆ ನಮ್ಮ ಖಾತೆಯಿಂದಲೇ ಹೋಗುತ್ತದೆ. ಹಣ ಬಂತು ಅಂತ ಅವರು ತೋರಿಸುವ ಚಿತ್ರವನ್ನು ನಂಬದೆ ನಿಮ್ಮ ಖಾತೆಯಲ್ಲಿ ಬ್ಯಾಲೆನ್ಸ್ ನೋಡಿದ ಮೇಲೆಯೇ ಗೊಂಬೆ ಕೊಡಿ. ಮೋಸ ಹೋದರೆ ತಡ ಮಾಡದೆ 1930 ನಂಬರಿಗೆ ಫೋನ್ ಮಾಡಿ ದೂರು ಕೊಡಿ.

ಆ ಅಕ್ಕನ ಮನೆಯಲ್ಲಿ ಮಣ್ಣಿನ ಶೆಟ್ಟಿ-ಶೆಟ್ಟಮ್ಮ ಇನ್ನೂ ಉಳಿದಿವೆ. ಹೋದ ಸಭೆಗೆ ಹಳೇ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಶೆಟ್ಟಿಯ ಬಲಗೈ ಬೆರಳು ಮುರಿದಿದೆ, ಶೆಟ್ಟಮ್ಮನ ಸೀರೆಯ ಹಸಿರು ಬಣ್ಣ ಅರ್ಧ ಹೋಗಿದೆ. ಸ್ಕೇಲು ಇಟ್ಟು ಅಳೆದೆವು, ಫೋಟೋ ತೆಗೆದೆವು, ಸಂಘದ ಪುಸ್ತಕ ಬರೆಯುವ ಹುಡುಗಿ ಒಂದು ಪುಟ ಮಾಡಿ ಎಲ್ಲಾ ಬರೆದಳು. "ಎಷ್ಟಕ್ಕೆ ಕೊಡ್ತೀರಕ್ಕಾ?" ಅಂತ ಒಬ್ಬರು ತಮಾಷೆಗೆ ಕೇಳಿದರು. ಇದು ಮಗಳಿಗೆ ಅಂದರು.